ಪರದೆ ಕಪ್ಪಾಯಿತೇ? ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್ ತಕರಾರು ಬಿಡಿಸಿಕೊಳ್ಳುವ ಬಗೆ

ಭಾನುವಾರ ಬೆಳಿಗ್ಗೆ ಅಕ್ಕನ ಮಗ ಫೋನ್ ಮಾಡಿದ. "ಮಾವ, ನಿನ್ನೆ ರಾತ್ರಿ ಅಪ್‌ಡೇಟ್ ಒತ್ತಿ ಮಲಗಿದೆ. ಈಗ ನೋಡಿದರೆ ಕಂಪ್ಯೂಟರ್ ಸತ್ತುಹೋಗಿದೆ. ಪರದೆ ಪೂರ್ತಿ ಕಪ್ಪು. ಎಡಗಡೆ ಮೇಲ್ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಟುಕುತ್ತಿದೆ, ಅಷ್ಟೆ."

ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡು ಎಂದೆ. ದೀಪ ಹತ್ತಿತು. ಇನ್ನೊಮ್ಮೆ ಒತ್ತಿದ, ಆರಿತು. ಹಾಗಿದ್ದರೆ ಸತ್ತಿಲ್ಲ, ಮುಖ ತೋರಿಸುತ್ತಿಲ್ಲ ಅಷ್ಟೆ ಎಂದೆ. ಅವನು ಆಗಲೇ ಪೆನ್‌ಡ್ರೈವ್ ಹಿಡಿದು ಕುಳಿತಿದ್ದ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಲಿನಕ್ಸ್ ಮಿಂಟ್ ಹಾಕಿಬಿಡುವುದು ಅವನ ಯೋಚನೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ. ಡ್ರೈವರ್ ಕೆಟ್ಟರೆ ಕಡತಗಳು ಎಲ್ಲಿಗೂ ಹೋಗಿರುವುದಿಲ್ಲ, ಚಿತ್ರ ತೋರಿಸುವ ಗ್ರಾಫಿಕ್ಸ್ ಕಾರ್ಡೂ ಸಾಮಾನ್ಯವಾಗಿ ಸುಟ್ಟಿರುವುದಿಲ್ಲ. ಕರ್ನೆಲ್ ಎಂಬ ವ್ಯವಸ್ಥೆಯ ತಿರುಳು, ಅದರೊಳಗೆ ಸೇರಿ ಕಾರ್ಡನ್ನು ಓಡಿಸಬೇಕಾದ ಡ್ರೈವರ್, ಮೇಲೆ ಚಿತ್ರ ಬಿಡಿಸುವ ತಂತ್ರಾಂಶ ಇವುಗಳಲ್ಲಿ ಯಾವುದೋ ಎರಡರ ನಡುವೆ ಹೊಂದಾಣಿಕೆ ತಪ್ಪಿರುತ್ತದೆ. ಯಾವ ಎರಡು ಎಂದು ಗೊತ್ತಾಗುವವರೆಗೆ ಏನನ್ನೂ ಮುಟ್ಟಬಾರದು. ಅವತ್ತು ಫೋನಿನಲ್ಲಿ ಅವನಿಗೆ ಹೇಳಿದ್ದನ್ನೇ, ಅದೇ ಕ್ರಮದಲ್ಲಿ, ಬೇಕಾದ ಕಡೆ ಹಿಗ್ಗಿಸಿ ಇಲ್ಲಿ ಬರೆಯುತ್ತಿದ್ದೇನೆ. ಉಬುಂಟು ಮತ್ತು ಮಿಂಟ್ ಎಂಬ ಲಿನಕ್ಸ್ ವಿತರಣೆಗಳನ್ನು ಬಳಸುವವರಿಗೆ ಇದು ನೇರವಾಗಿ ಹೊಂದುತ್ತದೆ. ಡೆಬಿಯನ್, ಫೆಡೋರಾದವರಿಗೆ ದಾರಿ ಅದೇ, ಪ್ಯಾಕೇಜುಗಳ, ಅಂದರೆ ತಂತ್ರಾಂಶದ ಕಟ್ಟುಗಳ, ಹೆಸರು ಬೇರೆ.

ಒಂದು ಸೂಚನೆ. ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಆದೇಶಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ. ಅಡ್ಡಗೆರೆ, ಚುಕ್ಕೆ, ಓರೆಗೆರೆ ಎಲ್ಲ ಇದ್ದ ಹಾಗೆಯೇ. 'ಸುಡೊ' ಎಂದರೆ ಎಸ್, ಯು, ಡಿ, ಒ ಎಂಬ ನಾಲ್ಕು ಅಕ್ಷರ. ಯಜಮಾನನ ಅಧಿಕಾರದಲ್ಲಿ ಈ ಕೆಲಸ ಮಾಡು ಎಂದು ಯಂತ್ರಕ್ಕೆ ಹೇಳುವ ಪದ ಅದು. ಹೆಸರು ಉದ್ದವಾದರೆ ಮೊದಲ ನಾಲ್ಕೈದು ಅಕ್ಷರ ಹೊಡೆದು ಟ್ಯಾಬ್ ಕೀಲಿ ಒತ್ತಿ, ಉಳಿದದ್ದನ್ನು ಅದೇ ತುಂಬಿಸುತ್ತದೆ.

ಮೊದಲು ತಂತಿ

ನಗಬೇಡಿ. ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂಭಾಗದಲ್ಲಿ ಮಾನಿಟರ್ ತಂತಿ ಸಿಕ್ಕಿಸಲು ಎರಡು ಜಾಗಗಳಿರುತ್ತವೆ. ಮೇಲ್ಗಡೆ ಯುಎಸ್‌ಬಿ ಕಿಂಡಿಗಳ ಪಕ್ಕದಲ್ಲಿರುವುದು ಮದರ್‌ಬೋರ್ಡಿನದು, ಕೆಳಗೆ ಅಡ್ಡಲಾಗಿರುವುದು ಗ್ರಾಫಿಕ್ಸ್ ಕಾರ್ಡಿನದು. ಧೂಳು ಒರೆಸಲು ತಂತಿ ಕಿತ್ತು, ಮರಳಿ ಸಿಕ್ಕಿಸುವಾಗ ಮೇಲಿನದಕ್ಕೆ ಸಿಕ್ಕಿಸಿ, ಡ್ರೈವರ್ ಕೆಟ್ಟಿತೆಂದು ಅರ್ಧ ದಿನ ಒದ್ದಾಡಿದವರಲ್ಲಿ ನಾನೂ ಒಬ್ಬ. ಕಾರ್ಡ್ ಇದ್ದರೆ ತಂತಿ ಕಾರ್ಡಿಗೇ ಇರಬೇಕು.

ಅಕ್ಷರದ ಪರದೆಗೆ ಇಳಿಯಿರಿ

ಚಿತ್ರದ ಪರದೆ ಏಳದಿದ್ದರೂ ಅದರ ಹಿಂದೆ ಬರಿಯ ಅಕ್ಷರಗಳ ಪರದೆ ಸಾಮಾನ್ಯವಾಗಿ ಎದ್ದಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಲ್ಯಾಪ್‌ಟಾಪ್ ಆದರೆ ಎಫ್ಎನ್ ಕೀಲಿಯನ್ನೂ ಸೇರಿಸಬೇಕಾಗಬಹುದು. ಬಳಕೆದಾರನ ಹೆಸರು ಕೇಳುತ್ತದೆ, ಆಮೇಲೆ ಪಾಸ್‌ವರ್ಡ್. ಪಾಸ್‌ವರ್ಡ್ ಹೊಡೆಯುವಾಗ ನಕ್ಷತ್ರಗಳೂ ಕಾಣುವುದಿಲ್ಲ. ಗಾಬರಿಯಾಗದೆ ಹೊಡೆದು ಎಂಟರ್ ಒತ್ತಿ.

ಕನ್ನಡದಲ್ಲಿ ಗಣಕ ಬಳಸುವವರಿಗೆ ಇಲ್ಲೊಂದು ತೊಡಕಿದೆ. ಈ ಅಕ್ಷರದ ಪರದೆ ಒಟ್ಟು 512 ಅಕ್ಷರರೂಪಗಳನ್ನಷ್ಟೇ ಇಟ್ಟುಕೊಳ್ಳಬಲ್ಲದು, ಒತ್ತಕ್ಷರ ಜೋಡಿಸುವುದು ಅದಕ್ಕೆ ಬರುವುದೇ ಇಲ್ಲ. ಹಾಗಾಗಿ ವ್ಯವಸ್ಥೆಯ ಭಾಷೆ ಕನ್ನಡವಾಗಿದ್ದರೆ ಸಂದೇಶಗಳೆಲ್ಲ ಚೌಕಗಳಾಗಿ ಕಾಣುತ್ತವೆ. ಒಳಗೆ ಹೋದೊಡನೆ ಇದನ್ನು ಹೊಡೆಯಿರಿ:

ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ

ಮೊದಲ ಪದ ಸಣ್ಣಕ್ಷರದಲ್ಲೇ; ಎರಡನೆಯ ಪದದಲ್ಲಿ ಸಮಚಿಹ್ನೆಯ ಎರಡೂ ಕಡೆಯ ಅಕ್ಷರಗಳು ದೊಡ್ಡವು, ನಡುವೆ ಕೆಳಗೆರೆ. ಅಲ್ಲಿಂದಾಚೆ ಸಂದೇಶಗಳು ಇಂಗ್ಲಿಷಿನಲ್ಲಿ ಬರುತ್ತವೆ. ಕನ್ನಡಾಭಿಮಾನಕ್ಕೆ ಸ್ವಲ್ಪ ಹೊತ್ತು ರಜೆ. ಇದೇ ಕಾರಣಕ್ಕೆ ಲಾಗಿನ್ ಪಾಸ್‌ವರ್ಡ್ ಕನ್ನಡ ಅಕ್ಷರಗಳಲ್ಲಿ ಇಡಬೇಡಿ. ಇಂಥ ದಿನ ಅದನ್ನು ಹೊಡೆಯಲು ದಾರಿಯೇ ಇರುವುದಿಲ್ಲ.

ಎಫ್3ಗೂ ಬಗ್ಗದಿದ್ದರೆ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿ. ತಯಾರಕರ ಲಾಂಛನ ಮಾಯವಾಗುತ್ತಿದ್ದಂತೆ ಎಸ್ಕೇಪ್ ಕೀಲಿಯನ್ನು ಒಂದೆರಡು ಬಾರಿ ತಟ್ಟಿ. ಯುಇಎಫ್‌ಐ ಎಂಬ ಹೊಸ ಬಗೆಯ ಆರಂಭದ ವ್ಯವಸ್ಥೆ ಇಲ್ಲದ ಹಳೆಯ ಯಂತ್ರವಾದರೆ ಶಿಫ್ಟ್ ಒತ್ತಿ ಹಿಡಿಯಿರಿ. ಗ್ರಬ್ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಎಂಬ ಸಾಲಿನೊಳಗೆ ಹೋದರೆ ಹೊಸ ಕರ್ನೆಲ್ಲಿನ ಕೆಳಗೆ ಹಳೆಯದೂ ಕುಳಿತಿರುತ್ತದೆ. ಹಳೆಯದನ್ನು ಆರಿಸಿ ಎಂಟರ್ ಒತ್ತಿ. ಅದರಲ್ಲಿ ಪರದೆ ಸರಿಯಾಗಿ ಬಂತೆಂದರೆ ಪತ್ತೇದಾರಿಕೆ ಅರ್ಧ ಮುಗಿದ ಹಾಗೆ: ಕಾರ್ಡ್ ಸರಿ ಇದೆ, ಹೊಸ ಕರ್ನೆಲ್ಲಿಗೆ ಡ್ರೈವರ್ ಕೂತಿಲ್ಲ.

ಅದೂ ಬರಲಿಲ್ಲವೇ? ಪಟ್ಟಿಯ ಮೊದಲ ಸಾಲಿನ ಮೇಲೆ ನಿಂತು ಇ ಕೀಲಿ ಒತ್ತಿ. ಏಳೆಂಟು ಸಾಲುಗಳ ಬರಹ ತೆರೆಯುತ್ತದೆ. ಅದರಲ್ಲಿ 'ಲಿನಕ್ಸ್' ಎಂಬ ಪದದಿಂದ ಶುರುವಾಗುವ ಸಾಲನ್ನು ಹುಡುಕಿ, ಎಂಡ್ ಕೀಲಿಯಿಂದ ಅದರ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು

ನೋಮೋಡ್‌ಸೆಟ್

ಎಂದು ಸೇರಿಸಿ ಎಫ್10 ಒತ್ತಿ. ಎನ್‌ಒಎಂಒಡಿಇಎಸ್‌ಇಟಿ, ಒಂದೇ ಪದ. 'ಕಾರ್ಡಿನ ತಂಟೆಗೆ ಹೋಗದೆ, ಯಂತ್ರ ಶುರುವಾದಾಗ ಸಿಕ್ಕಿದ ಸರಳ ಪರದೆಯಲ್ಲೇ ಕೆಲಸ ನಡೆಸು' ಎಂದು ಕರ್ನೆಲ್ಲಿಗೆ ಹೇಳುವುದು ಇದು. ಚಿತ್ರ ದೊಡ್ಡದಾಗಿ, ಒರಟಾಗಿ ಕಾಣಬಹುದು, ಆದರೆ ಕಾಣುತ್ತದೆ. ಈ ಬದಲಾವಣೆ ಈ ಒಂದು ಸಲಕ್ಕೆ ಮಾತ್ರ, ಮುಂದಿನ ಸಲ ಹಚ್ಚಿದಾಗ ಇರುವುದಿಲ್ಲ.

ಯಾರು ಓಡಿಸುತ್ತಿದ್ದಾರೆ?

ಹೇಗೋ ಒಳಗೆ ಬಂದಿರಿ. ಈಗ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಕಾರ್ಡನ್ನು ಈ ಕ್ಷಣ ಯಾವ ಡ್ರೈವರ್ ಓಡಿಸುತ್ತಿದೆ?

ಎಲ್‌ಎಸ್‌ಪಿಸಿಐ -ಕೆ -ಡಿ ::0300

ಮೊದಲ ಪದ ಎಲ್, ಎಸ್, ಪಿ, ಸಿ, ಐ. ಕೊನೆಯಲ್ಲಿ ಎರಡು ಬಾರಿ ಕೋಲನ್, ಆಮೇಲೆ 0300. ಆ ಸಂಖ್ಯೆ ಪರದೆಗೆ ಚಿತ್ರ ಕೊಡುವ ಸಾಧನಗಳ ಗುಂಪಿನದು. ಲ್ಯಾಪ್‌ಟಾಪಿನ ಎರಡನೆಯ ಕಾರ್ಡ್ ಇದರಲ್ಲಿ ಕಾಣದಿದ್ದರೆ 0302 ಎಂದು ಹೊಡೆಯಿರಿ. ಬರುವ ಉತ್ತರದಲ್ಲಿ ಕಾರ್ಡಿನ ಹೆಸರು, ಅದರ ಕೆಳಗೆ 'ಕರ್ನೆಲ್ ಡ್ರೈವರ್ ಇನ್ ಯೂಸ್' ಎಂಬ ಸಾಲು ಇರಬೇಕು. ಅಲ್ಲಿ ಬರುವ ಹೆಸರುಗಳು ಬೆರಳೆಣಿಕೆಯವು. ಇಂಟೆಲ್ ಆದರೆ ಐ915, ತೀರ ಹೊಸದಾದರೆ ಎಕ್ಸ್‌ಇ. ಎಎಂಡಿ ಆದರೆ ಎಎಂಡಿಜಿಪಿಯು, ಹಳೆಯದಾದರೆ ರೇಡಿಯಾನ್. ಎನ್‌ವಿಡಿಯಾ ಆದರೆ ಎನ್‌ವಿಡಿಯಾ ಅಥವಾ ಅದರ ಮುಕ್ತ ಬದಲಿಯಾದ ನೂವೋ.

ಅಕ್ಕನ ಮಗ ಓದಿ ಹೇಳಿದ: "ಜಿಟಿಎಕ್ಸ್ 1050 ಟಿಐ ಅಂತಿದೆ ಮಾವ. ಆಮೇಲೆ 'ಕರ್ನೆಲ್ ಮಾಡ್ಯೂಲ್ಸ್: ಎನ್‌ವಿಡಿಯಾಎಫ್‌ಬಿ, ನೂವೋ' ಅಂತ ಒಂದು ಸಾಲು." ಇನ್ ಯೂಸ್ ಎಂಬ ಸಾಲು? "ಇಲ್ಲ." ಸಿಕ್ಕಿತು. ಅವನ ಕಾರ್ಡಿಗೆ ಆ ಹೊತ್ತಿನಲ್ಲಿ ಡ್ರೈವರೇ ಇರಲಿಲ್ಲ. ನೂವೋ ಮನೆಯಲ್ಲಿದ್ದರೂ ಅದನ್ನು ಯಾರೋ ಕಟ್ಟಿಹಾಕಿದ್ದಾರೆ. ಎನ್‌ವಿಡಿಯಾ ಎಂಬ ಮಾಡ್ಯೂಲ್ (ಕರ್ನೆಲ್ಲಿಗೆ ಜೋಡಿಸುವ ಡ್ರೈವರ್ ತುಣುಕು) ಈ ಕರ್ನೆಲ್ಲಿಗೆ ಹುಟ್ಟಿಯೇ ಇಲ್ಲ.

ಪರದೆ ಬರುತ್ತದೆ, ಆದರೆ ಎಲ್ಲವೂ ನಿಧಾನ, ಫ್ಯಾನ್ ಮಾತ್ರ ಹುಚ್ಚು ಹಿಡಿದಂತೆ ತಿರುಗುತ್ತದೆ ಎನ್ನುವವರು ಇನ್ನೊಂದು ಆದೇಶ ನೋಡಬೇಕು. ಮೆಸಾ-ಯುಟಿಲ್ಸ್ ಪ್ಯಾಕೇಜ್ ಹಾಕಿಕೊಂಡು

ಜಿಎಲ್‌ಎಕ್ಸ್‌ಇನ್ಫೊ -ಬಿ

ಎಂದು ಹೊಡೆಯಿರಿ. ಬಿ ದೊಡ್ಡಕ್ಷರ. 'ಓಪನ್‌ಜಿಎಲ್ ರೆಂಡರರ್' ಎಂಬ ಸಾಲಿನಲ್ಲಿ ನಿಮ್ಮ ಕಾರ್ಡಿನ ಹೆಸರಿದ್ದರೆ ಸರಿ. 'ಎಲ್‌ಎಲ್‌ವಿಎಂಪೈಪ್' ಎಂದಿದ್ದರೆ ಕಾರ್ಡ್ ಸುಮ್ಮನೆ ಕುಳಿತಿದೆ, ಚಿತ್ರದ ಪೂರ್ತಿ ಹೊರೆ ಪ್ರೊಸೆಸರಿನ ತಲೆಯ ಮೇಲಿದೆ.

ದಿನಚರಿ ಓದುವುದು

ಕರ್ನೆಲ್ ತನಗೆ ಆದ ಕಷ್ಟಗಳನ್ನೆಲ್ಲ ಬರೆದಿಟ್ಟಿರುತ್ತದೆ. ಈಗಿನದಲ್ಲ, ಕೈಕೊಟ್ಟ ಹಿಂದಿನ ಸಲದ ದಾಖಲೆ ಬೇಕೆಂದರೆ

ಜರ್ನಲ್‌ಸಿಟಿಎಲ್ -ಕೆ -ಬಿ -1

ಸಾವಿರಾರು ಸಾಲು ಬರುತ್ತವೆ. ಎಲ್ಲವನ್ನೂ ಓದಬೇಡಿ, ಕೆಂಪು ಸಾಲು ಕಂಡ ಕಡೆಯೆಲ್ಲ ಹೆದರಲೂ ಬೇಡಿ, ಆರೋಗ್ಯವಾಗಿರುವ ಯಂತ್ರದಲ್ಲೂ ಒಂದೆರಡು ಕೆಂಪು ಸಾಲು ಇದ್ದೇ ಇರುತ್ತವೆ. ಓರೆಗೆರೆ ಒತ್ತಿ ನಿಮ್ಮ ಡ್ರೈವರಿನ ಹೆಸರು ಹೊಡೆದರೆ ಅದಿರುವ ಸಾಲಿಗೆ ಜಿಗಿಯುತ್ತದೆ. ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ತಂತ್ರಾಂಶ) ಕಡತ ಸಿಗಲಿಲ್ಲ ಎಂಬ ದೂರು, ಸಹಿ ಇಲ್ಲದ ಮಾಡ್ಯೂಲನ್ನು ತಿರಸ್ಕರಿಸಿದ್ದೇನೆ ಎಂಬ ದೂರು, ಆವೃತ್ತಿಗಳು ತಾಳೆಯಾಗುತ್ತಿಲ್ಲ ಎಂಬ ದೂರು, ಈ ಮೂರು ಹೆಚ್ಚಾಗಿ ಸಿಗುತ್ತವೆ. ಮೂರನೆಯದಕ್ಕೆ ಎಷ್ಟೋ ಸಲ ಮದ್ದು ಒಂದೇ, ರೀಸ್ಟಾರ್ಟ್: ಅಪ್‌ಡೇಟ್ ಹೊಸ ಡ್ರೈವರನ್ನು ಡಿಸ್ಕಿಗೆ ಹಾಕಿದೆ, ನೆನಪಿನಲ್ಲಿ ಹಳೆಯದೇ ಓಡುತ್ತಿದೆ.

ಚಿತ್ರದ ಪರದೆ ನಡೆಸಲು ಎಕ್ಸ್‌ಆರ್ಗ್ ಬಳಸುವ ಮಿಂಟ್‌ನಂಥವುಗಳಲ್ಲಿ ಇನ್ನೊಂದು ದಾಖಲೆ ವಾರ್ (ವಿ, ಎ, ಆರ್) ಫೋಲ್ಡರಿನ ಲಾಗ್ ಒಳಗೆ 'ಎಕ್ಸ್‌ಆರ್ಗ್.0.ಲಾಗ್' ಎಂಬ ಹೆಸರಲ್ಲಿರುತ್ತದೆ, ಎಕ್ಸ್ ದೊಡ್ಡಕ್ಷರ. ಅದರಲ್ಲಿ ಎರಡು ದೊಡ್ಡ ಇ ಅಕ್ಷರಗಳು ಆವರಣದೊಳಗೆ ಇರುವ ಸಾಲುಗಳಷ್ಟೇ ತಪ್ಪಿನವು. ನಮ್ಮ ಹುಡುಗನಿಗೆ ಅಲ್ಲಿ ಸಿಕ್ಕಿದ್ದು: 'ಎನ್‌ವಿಡಿಯಾ' ಮಾಡ್ಯೂಲ್ ಏರಿಸಲಾಗಲಿಲ್ಲ, ಯಾವ ಪರದೆಯೂ ಸಿಗಲಿಲ್ಲ.

ಆಗ ಕೇಳಿದೆ, ಡ್ರೈವರನ್ನು ಎಲ್ಲಿಂದ ಹಾಕಿದ್ದೆ? ಸ್ವಲ್ಪ ಹೊತ್ತು ಮೌನ. ಯಾವುದೋ ವಿಡಿಯೊ ನೋಡಿ ಕಾರ್ಡ್ ತಯಾರಕರ ತಾಣದಿಂದ '.ರನ್' ಎಂದು ಮುಗಿಯುವ ಕಡತ ಇಳಿಸಿಕೊಂಡು ನಡೆಸಿದ್ದನಂತೆ. ನಡುವೆ ಅದೇನೋ ಕೇಳಿತು, ಬೇಡ ಎಂದೆ ಎಂದ. ಆ 'ಅದೇನೋ'ದಲ್ಲೇ ಎಲ್ಲ ಇತ್ತು.

ಎನ್‌ವಿಡಿಯಾ ಕಾರ್ಡಿನ ಕಥೆ ಬೇರೆ ಏಕೆ

ಇಂಟೆಲ್, ಎಎಂಡಿಗಳ ಡ್ರೈವರ್ ಕರ್ನೆಲ್ಲಿನ ಜೊತೆಯಲ್ಲೇ ಬರುತ್ತದೆ. ಕರ್ನೆಲ್ ಬದಲಾದರೆ ಡ್ರೈವರೂ ಅದರ ಜೊತೆಗೇ ಬದಲಾಗುತ್ತದೆ, ಜಗಳವಿಲ್ಲ. ಎನ್‌ವಿಡಿಯಾದ ಅಧಿಕೃತ ಡ್ರೈವರ್ ಕರ್ನೆಲ್ಲಿನ ಹೊರಗಿನದು. ಪ್ರತಿ ಹೊಸ ಕರ್ನೆಲ್ಲಿಗೂ ಅದರ ಅಳತೆಗೆ ತಕ್ಕ ಮಾಡ್ಯೂಲನ್ನು ಹೊಸದಾಗಿ ಕಟ್ಟಬೇಕು. ಹೊರಗಿನವರು ಕಾರ್ಡಿನ ನಡವಳಿಕೆಯನ್ನು ಹಿಂದಿನಿಂದ ಬಗೆದು ನೋಡಿ ಬರೆದ ಮುಕ್ತ ಡ್ರೈವರ್ ನೂವೋ. ಅದು ಕರ್ನೆಲ್ಲಿನೊಳಗೇ ಇದೆ, ಪರದೆ ತೋರಿಸುತ್ತದೆ. ಆದರೆ ಜಿಟಿಎಕ್ಸ್ 900 ಮತ್ತು 1000 ಸರಣಿಯ ಕಾರ್ಡುಗಳಲ್ಲಿ ವೇಗ ಹೆಚ್ಚಿಸಿಕೊಳ್ಳಲು ತಯಾರಕರ ಸಹಿಯುಳ್ಳ ಫರ್ಮ್‌ವೇರ್ ಬೇಕಾದ್ದರಿಂದ ಅಲ್ಲಿ ಅದು ತೆವಳುತ್ತದೆ. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಕ್ಸ್ ಕರ್ನೆಲ್ಲಿನ ಜನಕ ಲಿನಸ್ ಟೊರ್ವಾಲ್ಡ್ಸ್ ಈ ಕಂಪನಿಗೆ ಬೆರಳು ತೋರಿಸಿದ್ದು ಹಲವರಿಗೆ ನೆನಪಿರಬಹುದು. ಹತ್ತು ವರ್ಷದ ನಂತರ, 2022ರ ಮೇ ತಿಂಗಳಲ್ಲಿ, ಕಂಪನಿ ತನ್ನ ಕರ್ನೆಲ್ ಮಾಡ್ಯೂಲಿನ ಆಕರವನ್ನು ಮುಕ್ತಗೊಳಿಸಿತು. ಆದರೆ ಆ ಮುಕ್ತ ಮಾಡ್ಯೂಲ್ ಟ್ಯೂರಿಂಗ್ ಮತ್ತು ಅದರ ನಂತರದ ಕಾರ್ಡುಗಳಿಗೆ, ಅಂದರೆ ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿಯಿಂದ ಈಚಿನವಕ್ಕೆ ಮಾತ್ರ.

ಇದನ್ನು ಹೇಳಲು ಕಾರಣವಿದೆ. ಡ್ರೈವರ್ ಪಟ್ಟಿಯಲ್ಲಿ ಒಂದೇ ಸಂಖ್ಯೆಯ ಎರಡು ಹೆಸರು ಕಾಣುತ್ತವೆ, ಒಂದರ ಬಾಲದಲ್ಲಿ 'ಓಪನ್' ಎಂದಿರುತ್ತದೆ. ಮುಕ್ತ ತಂತ್ರಾಂಶದ ಮೇಲಿನ ಪ್ರೀತಿಯಿಂದ ಜಿಟಿಎಕ್ಸ್ 1050ಕ್ಕೆ ಓಪನ್ ಆರಿಸಿದರೆ ಮತ್ತೆ ಕಪ್ಪು ಪರದೆಯೇ. ತದ್ವಿರುದ್ಧವಾಗಿ ಆರ್‌ಟಿಎಕ್ಸ್ 50 ಸರಣಿಗೆ ಓಪನ್ ಅಲ್ಲದೆ ಬೇರೆ ದಾರಿಯಿಲ್ಲ. ಸಂಖ್ಯೆಯಲ್ಲೂ ಗಮನವಿರಲಿ. ಜಿಟಿಎಕ್ಸ್ 900, 1000 ಸರಣಿಗಳಿಗೆ 580 ಕೊನೆಯ ಶಾಖೆ. ಕೆಪ್ಲರ್ ಕಾಲದ, ಜಿಟಿಎಕ್ಸ್ 600 ಮತ್ತು 700ರ ಬಹುಪಾಲು ಕಾರ್ಡುಗಳಿಗೆ 470. ಅದಕ್ಕಿಂತ ಹಳೆಯದಾದರೆ ನನ್ನ ಮಾತು ಕೇಳಿ, ನೂವೋದಲ್ಲೇ ಹಾಯಾಗಿರಿ.

ಹಳೆಯದನ್ನು ಬೇರುಸಹಿತ ತೆಗೆಯುವುದು

ಡ್ರೈವರ್ ಬರಲು ಮೂರು ಬಾಗಿಲುಗಳಿವೆ: ವಿತರಣೆಯ ಸ್ವಂತ ಭಂಡಾರ, ಹೊರಗಿನವರ ಭಂಡಾರ, ಮತ್ತು ಈ ರನ್ ಕಡತ. ಒಂದನ್ನೇ ಬಳಸಿ. ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿಯೇ ಕಪ್ಪು ಪರದೆ. ರನ್ ಕಡತ ತಾನು ಎಲ್ಲಿ ಏನು ಹಾಕಿದೆ ಎಂದು ಪ್ಯಾಕೇಜ್ ವ್ಯವಸ್ಥೆಗೆ ಹೇಳುವುದಿಲ್ಲ. ನಡುವೆ ಅದು ಕೇಳುವ ಪ್ರಶ್ನೆಗಳಲ್ಲಿ ಒಂದು ಡಿಕೆಎಂಎಸ್‌ನಲ್ಲಿ ನೋಂದಾಯಿಸಲೇ ಎಂಬುದು. ಹೊಸ ಕರ್ನೆಲ್ ಬಂದಾಗೆಲ್ಲ ಮಾಡ್ಯೂಲನ್ನು ತಾನಾಗಿ ಮತ್ತೆ ಕಟ್ಟುವ ಏರ್ಪಾಡು ಅದು. ಹುಡುಗ ಬೇಡ ಎಂದದ್ದು ಅದಕ್ಕೇ.

ತೆಗೆಯುವ ಕ್ರಮ ಹೀಗೆ. ರನ್ ಕಡತದಿಂದ ಹಾಕಿದ್ದರೆ

ಸುಡೊ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್

ಭಂಡಾರದಿಂದ ಹಾಕಿದ್ದರೆ

ಸುಡೊ ಆಪ್ಟ್ ಪರ್ಜ್ 'ಎನ್‌ವಿಡಿಯಾ-*' 'ಲಿಬ್‌ಎನ್‌ವಿಡಿಯಾ-*'

ಒಂಟಿ ಉದ್ಧರಣ ಚಿಹ್ನೆಗಳನ್ನು ಬಿಡಬೇಡಿ. ಹೌದು ಎನ್ನುವ ಮೊದಲು, ತೆಗೆಯಲಿರುವ ಪ್ಯಾಕೇಜುಗಳ ಪಟ್ಟಿಯನ್ನು ನಿಧಾನವಾಗಿ ಓದಿ. ಅದರಲ್ಲಿ ಸಿನಮನ್, ಗ್ನೋಮ್ ಮುಂತಾದ ಡೆಸ್ಕ್‌ಟಾಪಿನ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ.

ಇಷ್ಟಾದರೂ ಎರಡು ಕಸ ಉಳಿಯಬಹುದು. ಮೊದಲನೆಯದು ಇಟಿಸಿ ಫೋಲ್ಡರಿನ ಎಕ್ಸ್11 ಒಳಗೆ ಕುಳಿತಿರುವ 'ಎಕ್ಸ್‌ಆರ್ಗ್.ಕಾನ್ಫ್' ಎಂಬ ಪುಟ್ಟ ಕಡತ. 'ಎನ್‌ವಿಡಿಯಾ ಡ್ರೈವರನ್ನೇ ಬಳಸು' ಎಂಬ ಹಠದ ಸಾಲು ಅದರಲ್ಲಿದ್ದರೆ, ಡ್ರೈವರ್ ಇಲ್ಲದ ದಿನವೂ ಎಕ್ಸ್‌ಆರ್ಗ್ ಅದನ್ನೇ ಹುಡುಕಿ ಸೋಲುತ್ತದೆ. ಮಿಟುಕುವ ಗೆರೆಯ ರಹಸ್ಯ ಇದೇ. ಅಳಿಸಬೇಡಿ, ಹೆಸರು ಬದಲಿಸಿ:

ಸುಡೊ ಎಂವಿ /ಇಟಿಸಿ/ಎಕ್ಸ್11/ಎಕ್ಸ್‌ಆರ್ಗ್.ಕಾನ್ಫ್ /ಇಟಿಸಿ/ಎಕ್ಸ್11/ಎಕ್ಸ್‌ಆರ್ಗ್.ಓಲ್ಡ್

ಫೋಲ್ಡರಿನ ಹೆಸರಿನಲ್ಲಿ ಎಕ್ಸ್ ದೊಡ್ಡಕ್ಷರ, ಕಡತದ ಹೆಸರಿನಲ್ಲಿ ಸಣ್ಣದು. ಎರಡನೆಯದು ನೂವೋವನ್ನು ಕಟ್ಟಿಹಾಕಿದ ಹಗ್ಗ. ಇಟಿಸಿಯ 'ಮಾಡ್‌ಪ್ರೋಬ್.ಡಿ' ಫೋಲ್ಡರಿನಲ್ಲಿ, ಇಲ್ಲವೇ ಯುಎಸ್‌ಆರ್, ಲಿಬ್ ಒಳಗಿನ ಅದೇ ಹೆಸರಿನ ಫೋಲ್ಡರಿನಲ್ಲಿ, 'ಡಿಸೇಬಲ್-ನೂವೋ' ಎಂಬ ಮಾತು ಹೆಸರಲ್ಲಿರುವ ಕಡತ ಉಳಿದಿದ್ದರೆ ತೆಗೆದುಹಾಕಿ. ಆಮೇಲೆ

ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು

ನಡೆಸಿ ರೀಸ್ಟಾರ್ಟ್ ಮಾಡಿ. ಹುಡುಗನ ಪರದೆಯಲ್ಲಿ ಮಿಂಟ್‌ನ ಹಸಿರು ಕಂಡಿತು. ನೂವೋ ಎದ್ದಿತ್ತು. ಅವನು ಕಾಫಿ ಕುಡಿದು ಬರುತ್ತೇನೆ ಎಂದು ಹತ್ತು ನಿಮಿಷ ಮಾಯವಾದ.

ಹೊಸದನ್ನು ಹಾಕುವುದು

ಇಂಟರ್‌ನೆಟ್ ಬೇಕು. ಅಕ್ಷರದ ಪರದೆಯಲ್ಲೇ ಇದ್ದು ವೈಫೈ ಸಿಗದಿದ್ದರೆ 'ಎನ್‌ಎಂಟಿಯುಐ' ಎಂದು ಹೊಡೆದರೆ ಬಾಣದ ಕೀಲಿಗಳಲ್ಲಿ ಓಡಾಡುವ ಪಟ್ಟಿ ತೆರೆಯುತ್ತದೆ. ಅದಕ್ಕಿಂತ ಸುಲಭ, ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಸೇರಿಸಿ ಟೆದರಿಂಗ್ ಚಾಲೂ ಮಾಡುವುದು.

ಪರದೆ ಇದ್ದರೆ ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್, ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್ ತೆರೆಯಿರಿ. 'ರೆಕಮೆಂಡೆಡ್' ಎಂದಿರುವುದನ್ನು ಆರಿಸಿ. ಅಕ್ಷರದ ಪರದೆಯಾದರೆ

ಉಬುಂಟು-ಡ್ರೈವರ್ಸ್ ಡಿವೈಸಸ್

ಎಂಬುದು ಪಟ್ಟಿ ಕೊಡುತ್ತದೆ,

ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್

ಎಂಬುದು ತಕ್ಕದ್ದನ್ನು ಹಾಕುತ್ತದೆ. ಫೆಡೋರಾದವರಿಗೆ ಆರ್‌ಪಿಎಂ ಫ್ಯೂಷನ್ ಭಂಡಾರದ 'ಎಕೆಮಾಡ್-ಎನ್‌ವಿಡಿಯಾ', ಡೆಬಿಯನ್‌ನವರಿಗೆ ನಾನ್-ಫ್ರೀ ಭಂಡಾರದ 'ಎನ್‌ವಿಡಿಯಾ-ಡ್ರೈವರ್'.

ಹಾಕಿ ಮುಗಿದ ಕೂಡಲೇ ರೀಸ್ಟಾರ್ಟ್ ಮಾಡುವ ಆತುರ ಬೇಡ. ಮೊದಲು

ಡಿಕೆಎಂಎಸ್ ಸ್ಟೇಟಸ್

ನೋಡಿ. ಎನ್‌ವಿಡಿಯಾ ಸಾಲಿನ ಕೊನೆಯಲ್ಲಿ 'ಇನ್‌ಸ್ಟಾಲ್ಡ್' ಎಂದಿರಬೇಕು, ಮತ್ತು ಅದರ ಕರ್ನೆಲ್ ಸಂಖ್ಯೆ 'ಯುನೇಮ್ -ಆರ್' ತೋರಿಸುವ ಸಂಖ್ಯೆಯೇ ಆಗಿರಬೇಕು. ಎನ್‌ವಿಡಿಯಾ ಸಾಲೇ ಇಲ್ಲದಿದ್ದರೆ ಉಬುಂಟು ಮೊದಲೇ ಕಟ್ಟಿ ಸಹಿ ಹಾಕಿಟ್ಟ ಮಾಡ್ಯೂಲ್ ಬಂದಿರಬಹುದು, ಅದು ಇನ್ನೂ ಒಳ್ಳೆಯದು. 'ಆಡೆಡ್' ಎಂದಷ್ಟೇ ಇದ್ದರೆ ಕಟ್ಟುವ ಕೆಲಸ ಆಗಿಲ್ಲ. ಅದಕ್ಕೆ ಎರಡು ಮಾಮೂಲಿ ಕಾರಣ. ಒಂದು, ಮಾಡ್ಯೂಲ್ ಕಟ್ಟಲು ಬೇಕಾದ, ಆ ಕರ್ನೆಲ್ಲಿನ ಹೆಡರ್ ಪ್ಯಾಕೇಜ್ ಇಲ್ಲ; 'ಲಿನಕ್ಸ್-ಹೆಡರ್ಸ್-ಜೆನೆರಿಕ್' ಹಾಕಿ. ಎರಡು, ಬೂಟ್‌ಗೆ ಪ್ರತ್ಯೇಕ ವಿಭಾಗ ಮಾಡಿಕೊಂಡವರಲ್ಲಿ ಅದು ಹಳೆಯ ಕರ್ನೆಲ್ಲುಗಳಿಂದ ತುಂಬಿ ಹೊಸದಕ್ಕೆ ಜಾಗವಿಲ್ಲ. 'ಡಿಎಫ್ -ಎಚ್ /ಬೂಟ್' ನೋಡಿ. ತುಂಬಿದ್ದರೆ 'ಸುಡೊ ಆಪ್ಟ್ ಆಟೊರಿಮೂವ್'.

ನೀಲಿ ಪರದೆಯನ್ನು ಓದದೆ ದಾಟಬೇಡಿ

ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ಸಹಿ ಇಲ್ಲದ ಮಾಡ್ಯೂಲನ್ನು ಕರ್ನೆಲ್ ಒಳಗೆ ಬಿಡುವುದಿಲ್ಲ. ಚಾಲೂ ಇದೆಯೇ ಎಂದು ತಿಳಿಯಲು

ಮಾಕ್‌ಯುಟಿಲ್ --ಎಸ್‌ಬಿ-ಸ್ಟೇಟ್

ಮಾಕ್ ಎಂದರೆ ಎಂ, ಒ, ಕೆ. ಯಂತ್ರದ ಒಡೆಯನ ಕೀಲಿಕೈ. ಡಿಕೆಎಂಎಸ್ ನಿಮ್ಮ ಯಂತ್ರದಲ್ಲೇ ಮಾಡ್ಯೂಲ್ ಕಟ್ಟಿದಾಗ ಅದಕ್ಕೆ ಈ ಕೀಲಿಕೈಯಿಂದ ಸಹಿ ಹಾಕುತ್ತದೆ. ಆ ಕೀಲಿಕೈ ನಿಮ್ಮದೇ ಎಂದು ಯಂತ್ರಕ್ಕೆ ಒಮ್ಮೆ ಪರಿಚಯ ಮಾಡಿಸಬೇಕು. ಹಾಗಾಗಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಮುಂದಿನ ಐದು ನಿಮಿಷಕ್ಕೆ ಮಾತ್ರ ಬೇಕಾದದ್ದು. ಎಂಟಕ್ಕೆ ಕಡಿಮೆಯಿಲ್ಲದಷ್ಟು ಇಂಗ್ಲಿಷ್ ಸಣ್ಣ ಅಕ್ಷರಗಳನ್ನಷ್ಟೇ ಇಟ್ಟು ಕಾಗದದಲ್ಲಿ ಬರೆದುಕೊಳ್ಳಿ. ಚಿಹ್ನೆಗಳು ಬೇಡ, ಮುಂದೆ ಬರುವ ಪರದೆಗೆ ನಿಮ್ಮ ಕೀಲಿಮಣೆಯ ವಿನ್ಯಾಸ ಗೊತ್ತಿರುವುದಿಲ್ಲ.

ರೀಸ್ಟಾರ್ಟ್ ಮಾಡಿದಾಗ ಒಂದು ನೀಲಿ ಪರದೆ ಕೆಲವೇ ಸೆಕೆಂಡು ಕಾಯುತ್ತದೆ. ಎಲ್ಲರೂ ಎಡವುವುದು ಇಲ್ಲಿಯೇ. ವೈರಸ್ ಬಂತೋ ಎಂದು ಹೆದರಿ ಹಾಗೇ ಬಿಡುತ್ತಾರೆ, ಇಲ್ಲವೇ ಮೊದಲ ಸಾಲಾದ 'ಕಂಟಿನ್ಯೂ ಬೂಟ್' ಮೇಲೆ ಎಂಟರ್ ಒತ್ತುತ್ತಾರೆ. ಪರಿಚಯ ತಪ್ಪಿಹೋಗುತ್ತದೆ, ಡ್ರೈವರ್ ಏರುವುದಿಲ್ಲ. ಮಾಡಬೇಕಾದದ್ದು: ಯಾವುದಾದರೂ ಕೀಲಿ ಒತ್ತಿ ಅದನ್ನು ತಡೆಯಿರಿ, 'ಎನ್‌ರೋಲ್ ಮಾಕ್' ಆರಿಸಿ, 'ಕಂಟಿನ್ಯೂ', ಆಮೇಲೆ 'ಯೆಸ್', ಕಾಗದದಲ್ಲಿರುವ ಪಾಸ್‌ವರ್ಡ್, ಕೊನೆಗೆ 'ರೀಬೂಟ್'. ತಪ್ಪಿಹೋಗಿದ್ದರೆ ಉಬುಂಟು ಬಳಗದಲ್ಲಿ

ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ

ಎಂದು ಹೊಡೆದು ಮತ್ತೆ ಅದೇ ಸುತ್ತು ಬನ್ನಿ.

ಸೆಕ್ಯೂರ್ ಬೂಟನ್ನೇ ನಿಲ್ಲಿಸಿಬಿಡಿ ಎಂದು ಬಹಳ ಮಂದಿ ಹೇಳುತ್ತಾರೆ. ಅದೂ ಕೆಲಸ ಮಾಡುತ್ತದೆ. ಆದರೆ ಅದೇ ಯಂತ್ರದಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇರುವ ವಿಂಡೋಸ್ ಇದ್ದರೆ, ಮುಂದಿನ ಸಲ ವಿಂಡೋಸ್ ರಿಕವರಿ ಕೀಲಿ ಕೇಳಿ ನಿಲ್ಲಬಹುದು. ಆ 48 ಅಂಕಿಗಳು ನಿಮ್ಮ ಬಳಿ ಇಲ್ಲದಿದ್ದರೆ ಈ ಸಲಹೆಯ ಹತ್ತಿರವೂ ಹೋಗಬೇಡಿ.

ಎರಡು ಕಾರ್ಡುಗಳ ಲ್ಯಾಪ್‌ಟಾಪ್

ದಿನನಿತ್ಯಕ್ಕೆ ಇಂಟೆಲ್ ಅಥವಾ ಎಎಂಡಿ, ಭಾರದ ಕೆಲಸಕ್ಕೆ ಎನ್‌ವಿಡಿಯಾ ಇರುವ ಲ್ಯಾಪ್‌ಟಾಪುಗಳಲ್ಲಿ ಡ್ರೈವರ್ ಹಾಕಿದರೂ ಆಟ ನಿಧಾನ ಎಂಬ ದೂರು ಸಾಮಾನ್ಯ. ಕೆಟ್ಟಿರುವುದು ಏನೂ ಇಲ್ಲ, ಕೆಲಸ ಸಣ್ಣ ಕಾರ್ಡಿಗೆ ಹೋಗುತ್ತಿದೆ. 'ಪ್ರೈಮ್-ಸೆಲೆಕ್ಟ್ ಕ್ವೆರಿ' ಈಗಿನ ಸ್ಥಿತಿ ಹೇಳುತ್ತದೆ. 'ಆನ್-ಡಿಮ್ಯಾಂಡ್' ಇಟ್ಟುಕೊಂಡು, ಭಾರದ ತಂತ್ರಾಂಶದ ಐಕಾನ್ ಮೇಲೆ ಬಲ ಗುಂಡಿ ಒತ್ತಿ ಪ್ರತ್ಯೇಕ ಕಾರ್ಡಿನಲ್ಲಿ ನಡೆಸು ಎಂಬುದನ್ನು ಆರಿಸುವುದು ಬ್ಯಾಟರಿಗೆ ಒಳ್ಳೆಯದು. ಹೊರಗಿನ ಮಾನಿಟರ್ ಮಾತ್ರ ಹತ್ತುತ್ತಿಲ್ಲ ಎಂದರೆ, ಹಲವು ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಕಿಂಡಿ ನೇರವಾಗಿ ಎನ್‌ವಿಡಿಯಾಕ್ಕೇ ಸೇರಿರುತ್ತದೆ. ಅದರ ಡ್ರೈವರ್ ಏರಿಲ್ಲವೆಂದೇ ಅರ್ಥ. ಮೇಲಿನ ಹಂತಗಳಿಗೆ ಮರಳಿ.

ಇಂಟೆಲ್, ಎಎಂಡಿಯವರಿಗೆ

ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹಾಕಬೇಕಾದ ಡ್ರೈವರೇ ಇಲ್ಲ. ಕಾರ್ಡ್ ಹೊಸದು, ವಿತರಣೆ ಹಳೆಯದು ಎಂಬುದೇ ಬಹುಪಾಲು ತಕರಾರು. ಹೊಸ ಕರ್ನೆಲ್, ಹೊಸ 'ಲಿನಕ್ಸ್-ಫರ್ಮ್‌ವೇರ್', ಚಿತ್ರ ಬಿಡಿಸುವ ತಂತ್ರಾಂಶವಾದ ಮೆಸಾದ ಹೊಸ ಆವೃತ್ತಿ, ಈ ಮೂರೂ ಬೇಕು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಲ್ಲಿ ಇದಕ್ಕೆಂದೇ ಎಚ್‌ಡಬ್ಲ್ಯುಇ ಎಂಬ ಹೊಸ ಕರ್ನೆಲ್ಲಿನ ಸಾಲು ಇದೆ. ಡೆಬಿಯನ್‌ನಲ್ಲಿ 12ನೆಯ ಆವೃತ್ತಿಯಿಂದ ಫರ್ಮ್‌ವೇರ್‌ಗೆ ಪ್ರತ್ಯೇಕ ಭಂಡಾರವಿದೆ. ಅದು ಚಾಲೂ ಇದೆಯೇ ನೋಡಿ.

ಇನ್ನೊಂದು ಕಾರಣ ನಮ್ಮದೇ ಕೈಗುಣ. ಎಂದೋ ಯಾರದೋ ಸಲಹೆ ಕೇಳಿ ನೋಮೋಡ್‌ಸೆಟ್ ಪದವನ್ನು ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಶಾಶ್ವತವಾಗಿ ಸೇರಿಸಿ ಮರೆತಿರುತ್ತಾರೆ. ಅದಿರುವ ತನಕ ಎಎಂಡಿಜಿಪಿಯು ಆಗಲಿ ಐ915 ಆಗಲಿ ಏಳುವುದಿಲ್ಲ, ಎಲ್‌ಎಲ್‌ವಿಎಂಪೈಪ್ ಉಸಿರುಗಟ್ಟಿಕೊಂಡು ದುಡಿಯುತ್ತಿರುತ್ತದೆ. ಇಟಿಸಿಯ 'ಡೀಫಾಲ್ಟ್' ಫೋಲ್ಡರಿನಲ್ಲಿರುವ 'ಗ್ರಬ್' ಕಡತದಿಂದ ಆ ಪದ ತೆಗೆದು 'ಸುಡೊ ಅಪ್‌ಡೇಟ್-ಗ್ರಬ್' ನಡೆಸಿ. ಒಂದು ಲ್ಯಾಪ್‌ಟಾಪನ್ನು ಎರಡು ವರ್ಷ ಹೀಗೆ ನಡೆಸಿ, ಹಳತಾಯಿತು, ಇದರ ಹಣೆಬರಹವೇ ಇಷ್ಟು ಎಂದುಕೊಂಡಿದ್ದವನು ನಾನು.

ಕೊನೆಯ ಪರೀಕ್ಷೆ

ಅಕ್ಕನ ಮಗನ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಚಾಲೂ ಇರಲಿಲ್ಲ, ಹಾಗಾಗಿ ನೀಲಿ ಪರದೆಯ ಪ್ರಸಂಗ ಬರಲಿಲ್ಲ. ಡ್ರೈವರ್ ಮ್ಯಾನೇಜರಿನಿಂದ ಓಪನ್ ಅಲ್ಲದ್ದನ್ನು ಹಾಕಿ ರೀಸ್ಟಾರ್ಟ್ ಮಾಡಿದ. 'ಎನ್‌ವಿಡಿಯಾ-ಎಸ್‌ಎಂಐ' ಹೊಡೆಸಿದೆ. ಚೌಕಟ್ಟಿನೊಳಗೆ ಕಾರ್ಡಿನ ಹೆಸರು, ಡ್ರೈವರ್ ಸಂಖ್ಯೆ, 38 ಡಿಗ್ರಿ ಎಂಬ ಉಷ್ಣಾಂಶ, ಎಲ್ಲವನ್ನೂ ಶಾಲೆಯಲ್ಲಿ ಪಾಠ ಒಪ್ಪಿಸಿದಂತೆ ಓದಿದ. ವ್ಯವಸ್ಥೆಯ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ತೆರೆಸಿ, ಆ ಸ್ಥಿತಿಯದೇ ಒಂದು ಪ್ರತಿ ಉಳಿಸಿಡಿಸಿದೆ. ಮುಂದಿನ ಸಲ ಕಪ್ಪಾದರೆ ಅಕ್ಷರದ ಪರದೆಯಿಂದಲೇ 'ಸುಡೊ ಟೈಮ್‌ಶಿಫ್ಟ್ --ರಿಸ್ಟೋರ್' ಎಂದು ಹಿಂದಕ್ಕೆ ಹೋಗಬಹುದು.

ಆಮೇಲೆ ಡೌನ್‌ಲೋಡ್ಸ್ ಫೋಲ್ಡರ್ ತೆರೆಯಲು ಹೇಳಿದೆ. ಆ ರನ್ ಕಡತ ಇನ್ನೂ ಅಲ್ಲೇ ಇತ್ತು. "ಇರಲಿ ಬಿಡಿ ಮಾವ, ಯಾವತ್ತಾದರೂ ಬೇಕಾಗಬಹುದು" ಎಂದ. ಅದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದೇನೆ ಎಂದು ಅವನು ಹೇಳಿದ ಮೇಲೆಯೇ ಫೋನ್ ಇಟ್ಟೆ.